ಮೂರು ಕೊಟೇಶನ್ನಿನ ಮಧ್ವೇಶ

ಮಧ್ವೇಶ ಕೂತಲ್ಲಿ ಕೂರುವವನಲ್ಲ. ಪುಣೆಯ ಖಡಕಿಯಿಂದ ಶಿವಾಜಿನಗರಕ್ಕೆ ಲೋಕಲ್ ರೈಲಿನಲ್ಲಿ ಒಂದೇ ನಿಲ್ದಾಣದ ಹಾದಿ. ಅಷ್ಟರಲ್ಲೇ ಎರಡು ಸಲ ಜಾಗ ಬದಲಾಯಿಸುತ್ತಾನೆ. ಕಿಟಕಿಯ ಬಳಿ ಬಿಸಿಲು, ಬಾಗಿಲ ಬಳಿ ನೂಕಾಟ, ನಡುವೆ ಗಾಳಿಯಿಲ್ಲ. ಎಲ್ಲಿ ಕೂತರೂ ಇನ್ನೊಂದು ಕಡೆಯೇ ಚೆನ್ನಾಗಿತ್ತೇನೋ ಎಂಬ ಅನುಮಾನ. ಅಯ್ಯೋ, ಮನುಷ್ಯ ಕೆಟ್ಟವನಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ, ಯಾರ ಮೇಲೂ ದನಿ ಏರಿಸಿದವನಲ್ಲ. ಆದರೆ ಅವನ ಜೊತೆ ಒಂದು ಕಟ್ಟು ಕೊತ್ತಂಬರಿ ಕೊಳ್ಳಲು ಹೋಗಿ ನೋಡಿ, ನಿಮ್ಮ ತಾಳ್ಮೆ ಎಷ್ಟೆಂಬುದು ನಿಮಗೇ ಗೊತ್ತಾಗುತ್ತದೆ.

ಹಣೆಬರಹವೋ ಏನೋ, ಅವನಿಗೆ ಸಿಕ್ಕ ನೌಕರಿಯೂ ಅಂಥದ್ದೇ. ಶಿವಾಜಿನಗರದ ಒಂದು ಕಾಲೇಜಿನಲ್ಲಿ ಖರೀದಿ ವಿಭಾಗದ ಗುಮಾಸ್ತ. ಸೀಮೆಸುಣ್ಣದ ಡಬ್ಬಿಯಿಂದ ಹಿಡಿದು ಪ್ರಯೋಗಶಾಲೆಯ ತಕ್ಕಡಿಯವರೆಗೆ ಏನೇ ಕೊಳ್ಳಬೇಕಿದ್ದರೂ ಮೂರು ಅಂಗಡಿಗಳಿಂದ ಕೊಟೇಶನ್ ತರಿಸಬೇಕು, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು, ಎಲ್ಲಕ್ಕಿಂತ ಕಡಿಮೆಯದಕ್ಕೆ ಸಹಿ ಹಾಕಿಸಬೇಕು. ಅದು ಕಚೇರಿಯ ಕಾನೂನು. ಸಂಜೆ ಬೀಗ ಹಾಕುವಾಗ ಅಲ್ಲೇ ಬಿಟ್ಟು ಬರಬೇಕಾದದ್ದು. ಈ ಮಹಾರಾಯ ಅದನ್ನು ಮನೆಗೂ ತಂದ.

ಸಾಲದ್ದಕ್ಕೆ ಮುಹೂರ್ತದ ಗೀಳು ಬೇರೆ. ಧಾರವಾಡದ ಅವರ ಮನೆಯಲ್ಲಿ ಹಿತ್ತಾಳೆಯ ತಂಬಿಗೆ ಕೊಂಡರೂ ಮೂರೂವರೆ ಮುಹೂರ್ತಗಳಲ್ಲೇ ಕೊಳ್ಳಬೇಕು. ಯುಗಾದಿ, ಅಕ್ಷಯ ತದಿಗೆ, ವಿಜಯದಶಮಿ, ಈ ಮೂರು ಪೂರ್ಣ; ದೀಪಾವಳಿಯ ಪಾಡ್ಯ ಅರ್ಧ. ಆ ದಿನಗಳಲ್ಲಿ ಪಂಚಾಂಗ ತೆಗೆದು ನೋಡುವ ಅಗತ್ಯವೇ ಇಲ್ಲ, ಕೈಯಿಟ್ಟದ್ದೆಲ್ಲ ಶುಭ. ಉಳಿದ ದಿನಗಳಲ್ಲಿ ಮಧ್ವೇಶನಿಗೆ ಕೈಯಿಡಲು ಭಯ. ಒಂದು ಕಡೆ ಮೂರು ಕೊಟೇಶನ್, ಇನ್ನೊಂದು ಕಡೆ ಮೂರೂವರೆ ಮುಹೂರ್ತ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಹಾಗಿತ್ತು ಅವನ ಸಂಸಾರ.

ಹೆಂಡತಿ ಹರ್ಷದಾ ಬೆಳಗಾವಿಯವಳು, ನಗುಮುಖದ ಹೆಂಗಸು. ಮದುವೆಯಾದ ಹೊಸದರಲ್ಲಿ ತಮಾಷೆಗೆ ಕೇಳಿದ್ದಳು: “ಖರೇ ಹೇಳ್ರಿ, ನಾ ಎಷ್ಟನೇ ಕೊಟೇಶನ್ನು?”

ಸುಳ್ಳು ಹೇಳಲು ಬಾರದ ಮಧ್ವೇಶ, “ಮೂರನೇದು,” ಅಂದುಬಿಟ್ಟ. ಆಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಆಮೇಲೆ ನಗುವುದು ಕಡಿಮೆಯಾಯಿತು. ಸ್ವಂತ ಫ್ಲ್ಯಾಟು ಕೊಳ್ಳಬೇಕೆಂದು ಗಂಡ ಹೆಂಡಿರು ಕೊಥ್ರೂಡ, ವಾರಜೆ, ಧಾಯರಿ ಎಲ್ಲ ಸುತ್ತಿದರು. ಒಂದರಲ್ಲಿ ನೀರಿನ ತೊಂದರೆ, ಇನ್ನೊಂದರಲ್ಲಿ ಅಡುಗೆಮನೆಯ ದಿಕ್ಕು ಸರಿಯಿಲ್ಲ, ಮತ್ತೊಂದು ಸರಿಯಾಗಿದೆ ಅಂದರೆ ಮೂರನೇ ಕೊಟೇಶನ್ ಬಂದಿಲ್ಲ. ನೋಡುತ್ತ ನೋಡುತ್ತ ಬೆಲೆ ಗಗನಕ್ಕೇರಿತು. ಹರ್ಷದಾ ಮೊದಮೊದಲು ಸಿಟ್ಟು ಮಾಡಿದಳು, ಅತ್ತಳು, ಕೊನೆಗೆ ಎರಡನ್ನೂ ಬಿಟ್ಟಳು. ಒಂದು ದಿನ ಬೆಳಗಾವಿಯ ಶಾಲೆಯೊಂದರಲ್ಲಿ ಮಾಸ್ತರಿಕೆ ಹಿಡಿದು, ಮಗಳು ಶಿವಾನಿಯನ್ನು ಕರೆದುಕೊಂಡು ತವರಿಗೆ ಹೋದಳು. ಕೋರ್ಟು ಕಚೇರಿ ಏನೂ ಇಲ್ಲ. “ನಿಮ್ಮ ಮ್ಯಾಲೆ ಸಿಟ್ಟಿಲ್ರಿ ನನಗ. ದಣದೀನಿ,” ಅಂದಳು, ಅಷ್ಟೇ. ಹೋಗಬೇಡ ಎಂಬ ಮಾತು ಮಧ್ವೇಶನ ನಾಲಿಗೆಯ ತುದಿಯವರೆಗೆ ಬಂದಿತ್ತು. ಅಂದರೆ ಏನು, ಅನ್ನದಿದ್ದರೆ ಏನು ಎಂದು ಅಳೆದು ಸುರಿಯುವಷ್ಟರಲ್ಲಿ ರಿಕ್ಷಾ ಹೊರಟುಹೋಗಿತ್ತು.

ಅಂದಿನಿಂದ ಶಿವಾನಿ ರಜೆ ಬಂದಾಗ ಮಾತ್ರ ಪುಣೆಗೆ ಬರುತ್ತಾಳೆ. ಹೋದ ಗಣಪತಿ ಹಬ್ಬಕ್ಕೆ ಬಂದಿದ್ದಳು. ಹತ್ತನೇ ಇಯತ್ತೆಯ ಹುಡುಗಿ, ತಾಯಿಯ ಹಾಗೆ ನಗು, ತಂದೆಯ ಹಾಗೆ ಉದ್ದ ಬೆರಳು. ಅವಳಿಗೆ ಕಂಪ್ಯೂಟರ್ ಆಟದ ಹುಚ್ಚು. ಐವರು ಒಂದು ಕಡೆ, ಐವರು ಇನ್ನೊಂದು ಕಡೆ, ಕಿವಿಗೆ ಹೆಡ್‌ಫೋನು, ಬಾಯಲ್ಲಿ ಕೂಗಾಟ. ಬೆಳಗಾವಿಯಲ್ಲಿ ಗೆಳತಿಯ ಮನೆಗೆ ಹೋಗಿ ಆಡುತ್ತಾಳೆ. ಅಂದು ಗ್ಯಾಲರಿಯಲ್ಲಿ ಬಟ್ಟೆ ಒಣಗಹಾಕುತ್ತ, ತಂದೆಯ ಮುಖ ನೋಡದೆಯೇ ಹೇಳಿದಳು:

“ಅಪ್ಪಾ, ಹನ್ನೊಂದನೇ ಕ್ಲಾಸಿಗೆ ನಾ ಇಲ್ಲೇ ನಿನ್ನ ಕಡೆ ಇದ್ದರ ಹ್ಯಾಂಗ? ಒಂದು ಗೇಮಿಂಗ್ ಪಿಸಿ ಇತ್ತಂದ್ರ ಅಂತೂ ಕೇಳೂದ ಬ್ಯಾಡ!”

ಮಗಳು ಬರುತ್ತಾಳೆ! ಈ ಎರಡು ಕೋಣೆಗಳಲ್ಲಿ ಮತ್ತೆ ಯಾರದೋ ಚಪ್ಪಲಿ, ಯಾರದೋ ಹಣಿಗೆ, ಯಾರದೋ ಜಗಳ! “ಬಾ ಪುಟ್ಟಿ” ಅಂದುಬಿಟ್ಟಿದ್ದರೆ ಮುಗಿದಿತ್ತು. ಆದರೆ ಅವಳು ಸುಮ್ಮನೆ ಆಡಿದ ಮಾತೋ, ಮನಸ್ಸಿನಿಂದ ಬಂದದ್ದೋ? ಬಾ ಅಂದಮೇಲೆ ಅವಳು “ಇಲ್ಲಪಾ, ಚ್ಯಾಷ್ಟಿ ಮಾಡಿದೆ” ಅಂದರೆ? ಆ ವಿಚಾರ ಬಂದದ್ದೇ ತಡ, ಮಧ್ವೇಶ ಅವಳ ಮಾತಿನ ಮೊದಲರ್ಧ ಬಿಟ್ಟು ಎರಡನೆಯದನ್ನು ಹಿಡಿದುಕೊಂಡ.

“ಗೇಮಿಂಗ್ ಪಿಸಿಗೆ ಏನೇನು ಬೇಕಾಗ್ತದ?” ಅಂತ ಕೇಳಿದ.

ಅಲ್ಲಿಂದ ಶುರುವಾಯಿತು ನೋಡಿ ಹುಚ್ಚು. ತಯಾರಾದ ಕಂಪ್ಯೂಟರ್ ದುಬಾರಿ. ಬಿಡಿಭಾಗಗಳನ್ನು ಆರಿಸಿ ಜೋಡಿಸಿದರೆ ಅಗ್ಗ ಎಂದು ಎಲ್ಲೋ ಓದಿದ. ಆರಿಸುವುದು! ಬೆಕ್ಕಿಗೆ ಹಾಲಿನ ಪಾತ್ರೆ ತೋರಿಸಿದಂತಾಯಿತು. ಕಚೇರಿಯಲ್ಲಿ, ರೈಲಿನಲ್ಲಿ, ಊಟದ ತಾಟಿನ ಮುಂದೆ, ಎಲ್ಲೆಲ್ಲೂ ಫೋನಿನಲ್ಲಿ ಅದೇ. ಲೆಕ್ಕ ಮಾಡುವ ಪ್ರೊಸೆಸರ್ ಯಾವುದು, ಪರದೆಯ ಮೇಲೆ ಚಿತ್ರ ಓಡಿಸುವ ಗ್ರಾಫಿಕ್ಸ್ ಕಾರ್ಡು ಯಾವುದು, ಲೆಕ್ಕವನ್ನು ನೆನಪಿಟ್ಟುಕೊಳ್ಳುವ ಮೆಮರಿ ಎಷ್ಟು, ಎಲ್ಲವನ್ನೂ ಕೂರಿಸುವ ಮದರ್‌ಬೋರ್ಡು ಯಾವುದು, ಹೊರಗಿನ ಪೆಟ್ಟಿಗೆ ಅಂದರೆ ಕ್ಯಾಬಿನೆಟ್ಟು ಯಾವುದು. ಕಾರ್ಡಿಗೆ ಹೆಚ್ಚು ಸುರಿದರೆ ಪ್ರೊಸೆಸರಿಗೆ ಸಾಲದು. ಪ್ರೊಸೆಸರ್ ಏರಿಸಿದರೆ ಕಾರ್ಡು ಇಳಿಸಬೇಕು. ಬೆಳಿಗ್ಗೆ ಗೊತ್ತುಮಾಡಿದ್ದು ಮಧ್ಯಾಹ್ನಕ್ಕೆ ಬೇಡವಾಗುತ್ತಿತ್ತು. ಶಿವಾನಿಗೆ ದಿನಕ್ಕೊಂದು ಮೆಸೇಜು: ಇದು ಹೇಗೆ, ಅದು ಹೇಗೆ. ಅವಳು ಹೆಬ್ಬೆಟ್ಟು ತೋರಿಸುವ ಚಿತ್ರ ಕಳಿಸುತ್ತಿದ್ದಳು.

ಟಿಳಕ ರಸ್ತೆಯಲ್ಲಿ ಸಿದ್ದಲಿಂಗಪ್ಪನ ಕಂಪ್ಯೂಟರ್ ಅಂಗಡಿ. ಮೂಲ ಗೋಕಾಕದ ಕಡೆಯವನು, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಬಾಯಿ. ಗಿರಾಕಿಗಳೊಡನೆ ಮರಾಠಿ; ಮಧ್ವೇಶನ ಕನ್ನಡ ಕಿವಿಗೆ ಬಿದ್ದದ್ದೇ ಅಳಿಯ ಬಂದಂತೆ ಸ್ಟೂಲು ಕೊಟ್ಟು ಚಹಾ ತರಿಸಿದ. ಎಪ್ಪತ್ತು ಸಾವಿರ ಇದೆ ಅಂದಾಗ ಕ್ಷಣವೂ ಯೋಚಿಸಲಿಲ್ಲ.

“ಇವತ್ತ ದಸರಾ ಐತಿ. ಎಲ್ಲಾ ಒಮ್ಮೆಲೇ ಎತ್ರಿ, ಎಪ್ಪತ್ತರಾಗ ಕುದುರಿಯಂಥಾ ಮಷೀನು ಕಟ್ಟಿ ಕೊಡ್ತೀನಿ. ಮೆಮರಿ ರೇಟು ಏರಾಕತ್ತೈತ್ರಿ, ತಡಾ ಮಾಡಬ್ಯಾಡ್ರಿ.”

ಒಮ್ಮೆಲೇ? ಮಧ್ವೇಶನಿಗೆ ಮೈ ಪರಚಿಕೊಳ್ಳುವಂತಾಯಿತು. ಮದರ್‌ಬೋರ್ಡಿಗೆ ಮತ್ತು ಕ್ಯಾಬಿನೆಟ್ಟಿಗೆ ಮಾತ್ರ ಮೂರು ಕೊಟೇಶನ್ ಆಗಿದ್ದವು. ಉಳಿದವುಗಳಿಗೆ ಆಗಿರಲಿಲ್ಲ. ಆ ಎರಡನ್ನೇ ಕೊಂಡು ತಂದು, ದೇವರ ಮುಂದಿಟ್ಟು, ಡಬ್ಬಿಯ ಮೇಲೆ ಗಂಧಾಕ್ಷತೆ ಹಾಕಿ, ಅರಿವೆ ಮುಚ್ಚಿದ. ಪಾಡ್ಯಕ್ಕೆ ಕರೆಂಟು ಹಂಚುವ ಎಸ್‌ಎಮ್‌ಪಿಎಸ್ ಡಬ್ಬಿ ಬಂತು. ಅರ್ಧ ಮುಹೂರ್ತಕ್ಕೆ ಅಷ್ಟು ಸಾಕಲ್ಲ! ಮುಂದಿನದು ಯುಗಾದಿಗೇ. ಮೆಮರಿಯ ಮೂರನೇ ಕೊಟೇಶನ್ ಇನ್ನೂ ಬಂದಿರಲಿಲ್ಲ.

ಸಿದ್ದಲಿಂಗಪ್ಪ ಹೇಳಿದಂತೆಯೇ ಆಯಿತು. ಮೆಮರಿಯ ಬೆಲೆ ಏರಿತು ಅಂದರೆ ಸುಮ್ಮನೆ ಏರಿತೇ? ಬಂಗಾರದ ಜೊತೆ ಪಂದ್ಯ ಕಟ್ಟಿದಂತೆ ಏರಿತು. ಮಧ್ವೇಶ ದಿನಾ ನೋಡುತ್ತಿದ್ದ, ದಿನಾ ಹೊಟ್ಟೆ ಉರಿಸಿಕೊಳ್ಳುತ್ತಿದ್ದ, ನಾಳೆ ಇಳಿದೀತೆಂದು ಕಾಯುತ್ತಿದ್ದ. ನಡುವೆ ಒಂದು ದಿನ ಸಿದ್ದಲಿಂಗಪ್ಪನೇ ಫೋನು ಮಾಡಿ, ಹಳೆಯ ದರದ ಒಂದು ಜೊತೆ ಉಳಿದಿದೆ, ಬರ್ರಿ ಅಂದ. ಅಂದು ಚೌತಿ. ರಿಕ್ತ ತಿಥಿ, ಹೊಸದಕ್ಕೆ ಕೈ ಹಾಕಬಾರದು. ಮಧ್ವೇಶ ಹೋಗಲಿಲ್ಲ.

ಡಿಸೆಂಬರಿನಲ್ಲಿ ಶಿವಾನಿ ನಾಲ್ಕು ದಿನಕ್ಕೆ ಬಂದಳು. ಮಧ್ವೇಶ ಅರಿವೆ ಸರಿಸಿ ಡಬ್ಬಿಗಳನ್ನು ತೋರಿಸಿದ. ಎಸ್‌ಎಮ್‌ಪಿಎಸ್ ಎಷ್ಟು ವ್ಯಾಟಿನದು, ಅದಕ್ಕಿಂತ ಕಡಿಮೆ ಯಾಕೆ ಸಾಲದು, ಹೆಚ್ಚು ಯಾಕೆ ದಂಡ, ಎಲ್ಲ ಬಿಡಿಸಿ ಹೇಳಿದ. ಹುಡುಗಿ ಗಲ್ಲಕ್ಕೆ ಕೈಕೊಟ್ಟು ಕೇಳಿದಳು. ಆಗಾಗ ಅವನ ಮುಖ ನೋಡುತ್ತಿದ್ದಳು, ಇನ್ನೇನೋ ಹೇಳುತ್ತಾನೆಂಬಂತೆ.

“ಮತ್ತ, ಅಪ್ಪಾ?” ಅಂದಳು.

“ಮತ್ತೇನು, ಯುಗಾದಿಗೆ ಪ್ರೊಸೆಸರ್ ತರೋಣಂತ,” ಅಂದ.

“ಛಲೋ,” ಅಂದು ಎದ್ದು ಒಳಗೆ ಹೋದಳು.

ಯುಗಾದಿಗೆ ಪ್ರೊಸೆಸರೂ ಬಂತು, ಮೆಮರಿಯೂ ಬಂತು. ಮೆಮರಿಗೆ ಕೊಟ್ಟ ಹಣದಲ್ಲಿ ದಸರೆಗಾದರೆ ಅಂಥ ಮೂರು ಬರುತ್ತಿದ್ದವು. ಉಳಿದದ್ದರಲ್ಲಿ ಗ್ರಾಫಿಕ್ಸ್ ಕಾರ್ಡು ಹುಡುಕಬೇಕು. ಆಟ ಓಡುವುದು ಅದರ ಮೇಲೆಯೇ. ಅಂಗಡಿಯವರಿಗೆ ಇವನ ಗುರುತು ಎಷ್ಟಾಗಿತ್ತೆಂದರೆ ದೂರದಿಂದ ಕಂಡರೇ ನಗುತ್ತಿದ್ದರು. ಮಧ್ವೇಶನ ನಿದ್ದೆ ಹಾರಿತ್ತು. ಇನ್ನೊಂದು ತಿಂಗಳಲ್ಲಿ ಮಗಳ ಪರೀಕ್ಷೆ ಮುಗಿಯುತ್ತದೆ, ಅಕ್ಷಯ ತದಿಗೆಗೆ ಬರುತ್ತೇನೆಂದಿದ್ದಾಳೆ. ಅವಳ ಎದುರೇ ಕಾರ್ಡು ಕೊಂಡು, ಮಷೀನು ಕಟ್ಟಿಸಿ, ಪರದೆ ಬೆಳಗಿದ ಮೇಲೆ ಹೇಳುವುದು: ನೋಡು, ಎಲ್ಲಾ ತಯಾರದ, ಬಾ. ಆಗ ಅವಳಿಗೆ ಇಲ್ಲ ಅನ್ನಲು ಬಾಯಿಯೇ ಬರಬಾರದು. ಒಂದೂ ಕೊರತೆ ಇರಬಾರದು. ಅವನ ತಲೆಯೊಳಗಿನ ಏರ್ಪಾಡು ಅದಾಗಿತ್ತು.

ಅಕ್ಷಯ ತದಿಗೆ ಭಾನುವಾರ ಬಂತು. ತಂದೆ ಮಗಳು ಟಿಳಕ ರಸ್ತೆಗೆ ಹೋದರು. ಸಿದ್ದಲಿಂಗಪ್ಪ ಒಂದು ಕಾರ್ಡಿನ ಡಬ್ಬಿ ತೆಗೆದು ಶಿವಾನಿಯ ಕೈಗೇ ಕೊಟ್ಟ.

“ಇದ ನೋಡವಾ ತಂಗಿ. ನಿಮ್ಮಪ್ಪನ ಬಜೆಟ್ಟಿಗೆ ಕೂಡುವಂಥಾದ್ದು ಇದೊಂದ ಪೀಸ್ ಉಳದೈತಿ.”

ಶಿವಾನಿ ತಿರುಗಿಸಿ ಮುರುಗಿಸಿ ನೋಡಿ, “ಅಪ್ಪಾ, ಇದ ಸಾಕು. ನನ್ನ ಆಟಕ್ಕ ಭಾಳ ಆತು,” ಅಂದಳು.

ಮಧ್ವೇಶನ ಬಳಿ ಈ ಕಾರ್ಡಿಗೆ ಎರಡೇ ಕೊಟೇಶನ್ ಇದ್ದವು. “ಇನ್ನೊಂದ ಅಂಗಡಿ, ಪುಟ್ಟಿ. ಬುಧವಾರ ಪೇಠದಾಗ ಕೇಳಿಬಿಡೋಣು. ಹೋದ ಹೆಜ್ಜಿಲೆ ಬರೂದು.”

ಅವಳು ಡಬ್ಬಿಯನ್ನು ಮೆಲ್ಲಗೆ ಗಾಜಿನ ಮೇಲಿಟ್ಟಳು. ಬುಧವಾರ ಪೇಠದ ಹಾದಿಯಲ್ಲಿ ಬಂಗಾರದ ಅಂಗಡಿಗಳ ಮುಂದೆ ಜನವೋ ಜನ. ಎಲ್ಲರಿಗೂ ಅದೇ ಮುಹೂರ್ತ. ರಿಕ್ಷಾ ಮುಂದೆ ಹೋಗದು, ನಡೆಯಲು ಜಾಗವಿಲ್ಲ. ಮಧ್ವೇಶ ಮುಂದೆ ಮುಂದೆ ಓಡುತ್ತಿದ್ದ, ಹಿಂತಿರುಗಿ ಮಗಳು ಬಂದಳೇ ಎಂದು ನೋಡುತ್ತಿದ್ದ, ಮತ್ತೆ ಓಡುತ್ತಿದ್ದ. ಮೂರನೇ ಅಂಗಡಿಯವನು ಹೇಳಿದ್ದು ಸಿದ್ದಲಿಂಗಪ್ಪನಿಗಿಂತ ಇನ್ನೂರು ಹೆಚ್ಚು. ಆಹಾ, ಈಗ ನೆಮ್ಮದಿ! ಬೆವರು ಒರೆಸಿಕೊಳ್ಳುತ್ತ ತಿರುಗಿ ಬಂದರೆ ಗಾಜಿನ ಮೇಲೆ ಡಬ್ಬಿಯಿಲ್ಲ.

“ಹೋತ್ರಿ,” ಅಂದ ಸಿದ್ದಲಿಂಗಪ್ಪ. “ಹಬ್ಬದ ದಿನ ಗಿರಾಕಿ ರೊಕ್ಕಾ ಹಿಡಕೊಂಡ ನಿಂತಿದ್ದ. ನಿಮ್ಮ ಸಲುವಾಗಿ ಇಟಗೊಂಡ ಕುಂದ್ರಾಕ ಅದೇನ ಮಠದ ಪ್ರಸಾದಾನ್ರಿ?”

ಮಧ್ವೇಶನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮಗಳು ಕೂಗಾಡುತ್ತಾಳೆ, ಅಳುತ್ತಾಳೆ ಎಂದು ಅಂಜುತ್ತ ಅವಳ ಕಡೆ ನೋಡಿದ. ಶಿವಾನಿ ಸಿಟ್ಟಾಗಿರಲಿಲ್ಲ. “ಇರಲಿ ಬಿಡಪಾ. ಹಸಿವ್ಯಾಗೇದ, ಏನರೆ ತಿನ್ನೋಣು,” ಅಂದಳು. ಅವನಿಗೆ ನಿಜವಾದ ಹೆದರಿಕೆ ಹುಟ್ಟಿದ್ದು ಆಗ. ಹರ್ಷದಾಳೂ ಕೊನೆಯ ವರ್ಷ ಹೀಗೆಯೇ ಇದ್ದಳು.

ಮರುದಿನ ಬೆಳಿಗ್ಗೆ ಸ್ವಾರಗೇಟಿನಲ್ಲಿ ಬೆಳಗಾವಿ ಬಸ್ಸು. ಮಧ್ವೇಶ ಮಗಳಿಗೆ ಕಿಟಕಿಯ ಸೀಟು ಹಿಡಿದು ಕೊಟ್ಟು, ಬಸ್ಸಿನ ಕೆಳಗೆ ನಿಂತು, ಬೇರೆ ಕಾರ್ಡುಗಳ ಬಗ್ಗೆ ಹೇಳತೊಡಗಿದ. ಜೂನಿನೊಳಗೆ ಇನ್ನೊಂದು ಕಂಪನಿಯದು ಅಗ್ಗವಾಗಬಹುದು, ಮುಂದಿನ ದಸರೆಯವರೆಗೆ ಕಾದರಂತೂ...

“ಅಪ್ಪಾ,” ಅಂದಳು ಶಿವಾನಿ. “ಅಮ್ಮ ಶುಕ್ರವಾರ ಬೆಳಗಾವಿಯೊಳಗ ಸೀಟು ಹಿಡದಾಳ. ರೊಕ್ಕಾ ತುಂಬಿ ಆತು.”

ಮಧ್ವೇಶನಿಗೆ ಮಾತು ತಲೆಯೊಳಗೆ ಹೋಗಲಿಲ್ಲ. “ಯಾವ ಸೀಟು?”

“ಕಾಲೇಜಿಂದು. ಅಮ್ಮ ಜನವರಿಯಿಂದ ಕೇಳ್ತಿದ್ಲು, ಪುಣೇನೋ ಬೆಳಗಾವಿನೋ ಅಂತ. ಅಪ್ಪ ಕರೀತಾನ, ತಡಿ ಅಂತ ಅಂತಿದ್ದೆ. ಡಿಸೆಂಬರಿನಾಗ ಬಂದೆ, ನೀ ಎಸ್‌ಎಮ್‌ಪಿಎಸ್ ತೋರಿಸಿದಿ. ಯುಗಾದಿಗೆ ಫೋನ್ ಮಾಡಿದೆ, ಮೆಮರಿ ರೇಟು ಹೇಳಿದಿ. ಒಮ್ಮೆನೂ ಬಾ ಅನ್ನಲಿಲ್ಲ.”

“ಅದೆಲ್ಲಾ ಯಾರ ಸಲುವಾಗಿ ಪುಟ್ಟಿ? ನಿನ್ನ ಸಲುವಾಗೇ ಅಲ್ಲೇನು?”

“ನನಗ ಹ್ಯಾಂಗ ತಿಳೀಬೇಕಪಾ? ಡಬ್ಬಿಗೆ ಬಾಯಿ ಅದ ಏನು?” ಹುಡುಗಿಯ ದನಿ ಒಡೆಯಿತು. “ನೀ ಕರದಿದ್ದರ, ಮಷೀನ್ ಇಲ್ಲದನೂ ಬರ್ತಿದ್ದೆ.”

ಕಂಡಕ್ಟರ್ ಬಾಗಿಲು ಬಡಿದ. ಬಸ್ಸು ಹಿಂದಕ್ಕೆ ಸರಿದು, ತಿರುಗಿ, ಹೊರಟಿತು. ಮಧ್ವೇಶನ ಬಾಯಿ ತೆರೆದೇ ಇತ್ತು. ಹಾಳಾದವನೇ, ಕೂಗೋ! ಬಸ್ಸಿನ ಹಿಂದೆ ಓಡೋ! ಎರಡೂ ಆಗಲಿಲ್ಲ. ಕಾಲು ಮಾತ್ರ ಅಲ್ಲೇ ಅತ್ತ ಇತ್ತ ತುಳಿಯುತ್ತಿದ್ದವು.

ಎಂಟು ತಿಂಗಳಿಂದ ತಾನು ಮಾಡಿದ್ದೇನು ಎಂಬುದು ಈಗ ಅವನಿಗೆ ಹೊಳೆಯಿತು. ಬೆಲೆ ಇಳಿಯಲಿ ಅಂತ ಕಾದದ್ದಲ್ಲ, ಮುಹೂರ್ತಕ್ಕೆ ಅಂತ ಕಾದದ್ದೂ ಅಲ್ಲ. ಕೇಳಿದರೆ ಇಲ್ಲ ಅಂದಾರು ಎಂಬ ಪುಕ್ಕಲುತನ. ಹರ್ಷದಾ ರಿಕ್ಷಾ ಹತ್ತಿದಾಗಲೂ ಅದೇ. ನಾಚಿಕೆಯಿಂದ ಅವನ ಕಿವಿ ಬಿಸಿಯಾದವು.

ಕಚೇರಿಗೆ ರಜೆಯ ಅರ್ಜಿಯನ್ನೂ ಕಳಿಸದೆ ನೇರ ಟಿಳಕ ರಸ್ತೆಗೆ ನಡೆದ. ಸಿದ್ದಲಿಂಗಪ್ಪ ಆಗಷ್ಟೇ ಷಟರ್ ಎತ್ತಿ ಊದಿನಕಡ್ಡಿ ಹಚ್ಚುತ್ತಿದ್ದ.

“ಕಾರ್ಡ್ ಬೇಕ್ರಿ. ಇವತ್ತ, ಈಗ.”

“ಇರೂದು ಇದೊಂದ. ನಿನ್ನಿದ್ದಕ್ಕಿಂತ ಮೂರು ಸಾವಿರ ಜಾಸ್ತಿ.” ಸಿದ್ದಲಿಂಗಪ್ಪ ಕಣ್ಣು ಕಿರಿದು ಮಾಡಿ ನಕ್ಕ. “ಖರೇ ರೀ ಮಧ್ವೇಶರಾವ್, ಇವತ್ತ ಚೌತಿ ಐತ್ರಿ. ನಿಮಗ ನಡೀತೈತೇನು?”

“ನಡೀತದ. ತಗೀರಿ ಅದನ್ನ.”

ಮನೆಗೆ ಓಡಿ, ಅರಿವೆ ಕಿತ್ತೆಸೆದು, ಗಂಧ ಒಣಗಿದ ಡಬ್ಬಿಗಳನ್ನೆಲ್ಲ ರಿಕ್ಷಾದಲ್ಲಿ ಹೇರಿಕೊಂಡು ಬಂದ. ಸಿದ್ದಲಿಂಗಪ್ಪ ತಾನೇ ಕೂತು ಜೋಡಿಸಿದ. ಸಂಜೆಯ ಹೊತ್ತಿಗೆ ಫ್ಯಾನು ತಿರುಗಿ ಪರದೆ ಬೆಳಗಿತು. ಮನೆಗೆ ಹೋಗುವ ದಾರಿಯಲ್ಲಿ ಮಧ್ವೇಶ ತಡೆಯಲಾರದೆ ಫೋನು ತೆಗೆದು ನೋಡಿಯೇಬಿಟ್ಟ. ಅದೇ ಕಾರ್ಡು ಇನ್ನೊಂದು ಕಡೆ ಎಂಟುನೂರು ಕಡಿಮೆ. ಹುಟ್ಟುಗುಣ ಅಷ್ಟು ಬೇಗ ಹೋದೀತೇ?

ಮರುದಿನ ಕ್ಯಾಬಿನೆಟ್ಟನ್ನು ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಬೆಳಗಾವಿ ಬಸ್ಸಿನಲ್ಲಿ ಕೂತ. ಸಾತಾರೆಯಲ್ಲಿ, ಫೋನಾದರೂ ಮಾಡಬೇಕಿತ್ತು ಅನ್ನಿಸಿತು. ಕರಾಡದಲ್ಲಿ, ಇಳಿದು ತಿರುಗಿ ಹೋಗಿಬಿಡಲೇ ಅನ್ನಿಸಿತು. ಕೊಲ್ಹಾಪುರದಲ್ಲಿ ಇಳಿದೇ ಇಳಿದ. ಚಹಾ ಕುಡಿದ, ಮತ್ತೆ ಹತ್ತಿದ. ತೊಡೆ ಮರಗಟ್ಟಿದರೂ ಡಬ್ಬಿಯನ್ನು ಕೆಳಗಿಡಲು ಮನಸ್ಸು ಬರಲಿಲ್ಲ.

ಬೆಳಗಾವಿಯ ಟಿಳಕವಾಡಿಯ ಆ ತವರುಮನೆಯ ಬಾಗಿಲು ತೆರೆದವಳು ಹರ್ಷದಾ. ಬೆವರು ಸುರಿಸುತ್ತ ಕೌದಿಯ ಗಂಟು ಅಪ್ಪಿಕೊಂಡು ನಿಂತ ಗಂಡನನ್ನು ಕಂಡು ಅವಳಿಗೆ ಏನೂ ಹೊಳೆಯಲಿಲ್ಲ. ಹಿಂದಿನಿಂದ ಶಿವಾನಿ ಬಂದು ಇಣುಕಿದಳು.

ಮಧ್ವೇಶ ಗಂಟನ್ನು ಕೆಳಗಿಡಲಿಲ್ಲ. ಇಟ್ಟರೆ ಮಾತು ಹೋಗಿಬಿಟ್ಟೀತು ಎಂಬ ಅಂಜಿಕೆ.

“ಮಷೀನ್ ನಿಂದು. ಇಲ್ಲೇ ಇರಲಿ, ಇಲ್ಲೇ ಆಡು. ಅದನ್ನ ಕೊಡ್ಲಿಕ್ಕೆ ಅಂತ ಬಂದಿಲ್ಲ ನಾ,” ಅಂದ ಒಂದೇ ಉಸಿರಿನಲ್ಲಿ. “ಶಿವಾನೀ, ನನ್ನ ಕಡೆ ಇರ್ಲಿಕ್ಕೆ ಬಾ. ಸೀಟು ಹಿಡದದ್ದು ಗೊತ್ತದ, ರೊಕ್ಕಾ ತುಂಬಿದ್ದು ಗೊತ್ತದ. ಆದರೂ ಕೇಳ್ತೀನಿ. ನೀ ಇಲ್ಲದ ನನಗ ಆ ಮನ್ಯಾಗ ಕುಂದ್ರಲಿಕ್ಕೆ ಆಗವಲ್ದು. ಬಾ.”

ಶಿವಾನಿಯ ಕಣ್ಣು ತುಂಬಿದವು. ತಾಯಿಯ ಕಡೆ ನೋಡಿದಳು, ತಂದೆಯ ಕಡೆ ನೋಡಿದಳು.

“ಇಲ್ಲಪಾ,” ಅಂದಳು. “ಈಗ ಇಲ್ಲ. ಎರಡು ವರ್ಷ ಇಲ್ಲೇ ಓದ್ತೀನಿ. ಆಮ್ಯಾಲೆ ಮತ್ತ ಕೇಳು.”

ಇಲ್ಲ ಎಂಬುದನ್ನು ಮಧ್ವೇಶ ಕಿವಿಯಾರೆ ಕೇಳಿದ. ಇಷ್ಟು ವರ್ಷ ಯಾವುದಕ್ಕೆ ಹೆದರಿ ಊರೆಲ್ಲ ಸುತ್ತಿದ್ದನೋ ಅದು ಎದುರಿಗೇ ಬಂದು ನಿಂತಿತ್ತು. ನೋವಾಯಿತು, ಭಾಳ ನೋವಾಯಿತು. ಗಲ್ಲದ ಮೇಲೆ ನೀರಿಳಿಯಿತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಆದರೂ ನಿಂತೇ ಇದ್ದ. “ಕೇಳ್ತೀನಿ,” ಅಂದ. “ಅಲ್ಲೀತನಕಾ ಪ್ರತಿ ರಜಾಕ್ಕೂ ಕೇಳ್ತೀನಿ.”

ಹರ್ಷದಾ ಅವನನ್ನೇ ನೋಡುತ್ತಿದ್ದಳು. ತವರಿಗೆ ಬಂದ ಮೇಲೆ ಗಂಡ ಎಷ್ಟೋ ಸಲ ಮಗಳನ್ನು ಬಿಡಲು ಬಂದು, ಇದೇ ಬಾಗಿಲಲ್ಲಿ ನೀರು ಕುಡಿದು, ಇಲ್ಲಿಂದಲೇ ತಿರುಗಿ ಹೋಗಿದ್ದ. ಅವಳು ಮುಂದೆ ಬಂದು ಗಂಟಿನ ಒಂದು ಬದಿಗೆ ಕೈಕೊಟ್ಟಳು.

“ಒಳಗ ಬರ್ರಿ,” ಅಂದಳು.